ಹದಿನೆಂಟು ಪಂದ್ಯಗಳ ಲೆಕ್ಕ

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ, ಮಿಜೋರಾಂ ಎಂಬ ಇಡೀ ರಾಜ್ಯದ ಜನಸಂಖ್ಯೆ 10.97 ಲಕ್ಷ. ಅಂದರೆ ನಮ್ಮ ಪಕ್ಕದ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಜನರನ್ನು ಒಯ್ದು ಈಶಾನ್ಯದ ಗುಡ್ಡಗಳ ಮೇಲೆ ಕೂರಿಸಿದರೆ ಒಂದು ಮಿಜೋರಾಂ ತುಂಬಿ, ಮೇಲೆ ಮುಕ್ಕಾಲು ಲಕ್ಷ ಮಂದಿ ಉಳಿಯುತ್ತಾರೆ. ನಾನಿರುವ ಕಲಬುರಗಿ ಜಿಲ್ಲೆಯಂತೂ ಆ ರಾಜ್ಯದ ಎರಡು ಪಟ್ಟಿಗಿಂತ ದೊಡ್ಡದು. 2017ರ ಏಪ್ರಿಲ್ 30ರಂದು ಆ ಪುಟ್ಟ ರಾಜ್ಯದ ರಾಜಧಾನಿಯ ತಂಡವಾದ ಐಜ್ವಾಲ್ ಎಫ್‌ಸಿ, ಆಗ ದೇಶದ ಅತ್ಯುನ್ನತ ದರ್ಜೆಯ ಫುಟ್ಬಾಲ್ ಲೀಗ್ ಎನಿಸಿದ್ದ ಐ-ಲೀಗ್ ಅನ್ನು ಗೆದ್ದಿತು. ಈಶಾನ್ಯದ ಯಾವ ಕ್ಲಬ್ಬೂ ಅದಕ್ಕೆ ಮೊದಲು ದೇಶದ ಲೀಗ್ ಪಟ್ಟವನ್ನು ಮುಟ್ಟಿರಲಿಲ್ಲ. ಅನಂತರ ಎಷ್ಟೋ ಋತುಗಳು ಬಂದು ಹೋಗಿವೆ, ಹೆಚ್ಚು ಹಣದ, ಹೆಚ್ಚು ಬೆಳಕಿನ ಋತುಗಳೂ ಬಂದಿವೆ. ಆದರೆ ಭಾರತದ ಫುಟ್ಬಾಲ್ ಎಂದೊಡನೆ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ಒಂದು ಋತುವಿನಲ್ಲೇ. ಅದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಸಂವಿಧಾನದ 371ನೇ ವಿಧಿಯ ಸಾಲಿನಲ್ಲಿ ‘ಜಿ’ ಮಿಜೋರಾಂಗೆ ಸೇರಿದ್ದು, ‘ಜೆ’ ನಮಗೆ ಸೇರಿದ್ದು. ದಂಗೆಯನ್ನು ಮುಗಿಸಿದ 1986ರ ಶಾಂತಿ ಒಪ್ಪಂದದ ನಂತರ ಅವರಿಗೆ ತಮ್ಮ ನೆಲ, ತಮ್ಮ ರೂಢಿಗಳ ರಕ್ಷಣೆಗಾಗಿ ಒಂದು ವಿಧಿ ಸಿಕ್ಕಿತು. 2012ರ ತಿದ್ದುಪಡಿಯ ಮೂಲಕ ಹೈದರಾಬಾದ್ ಕರ್ನಾಟಕಕ್ಕೆ ಓದು ಮತ್ತು ನೌಕರಿಯಲ್ಲಿ ಮೀಸಲು ಕೊಡುವ ಇನ್ನೊಂದು ವಿಧಿ ಬಂತು. ಎರಡೂ ಕಡೆಯ ಇತಿಹಾಸ ಬೇರೆ, ನೋವು ಬೇರೆ, ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ. ಆದರೂ ರಾಜಧಾನಿಯಿಂದ ದೂರ ಇರುವವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ: ಸ್ಪರ್ಧೆಯಲ್ಲಿ ಗೆಲ್ಲುವುದಕ್ಕಿಂತ ಮೊದಲು ಸ್ಪರ್ಧೆಯ ಒಳಗೆ ಬಿಡಬೇಕು. ಐಜ್ವಾಲಿನ ಆ ಋತುವನ್ನು ನಾನು ನೋಡಿದ್ದು ಈ ಕಣ್ಣಿನಿಂದ.

ಮೊದಲು ಲೀಗ್ ಎಂಬ ಪದ್ಧತಿಯ ಬಗ್ಗೆ ನಾಲ್ಕು ಮಾತು. ನಮ್ಮ ಕಡೆ ಟೂರ್ನಮೆಂಟ್ ಎಂದರೆ ನಾಕೌಟ್. ಎನ್‌.ವಿ. ಮೈದಾನದಲ್ಲಾಗಲಿ, ತಾಲ್ಲೂಕು ಊರುಗಳ ಕಾಲೇಜು ಬಯಲಿನಲ್ಲಾಗಲಿ, ಕ್ರಿಕೆಟ್ ಇರಲಿ ಕಬಡ್ಡಿ ಇರಲಿ ವಾಲಿಬಾಲ್ ಇರಲಿ, ಚೀಟಿ ಎತ್ತಿ ಜೋಡಿ ಮಾಡುತ್ತಾರೆ, ಸೋತವರು ಚೀಲ ಹೆಗಲಿಗೇರಿಸಿ ಮನೆಗೆ ಹೋಗುತ್ತಾರೆ, ಎರಡು ದಿನದೊಳಗೆ ಯಾರೋ ಒಬ್ಬ ಮುಖಂಡರ ಕೈಯಿಂದ ಕಪ್ಪು ಹಂಚಿಕೆಯಾಗಿ ಮುಗಿಯುತ್ತದೆ. ಅದರಲ್ಲಿ ಒಂದು ಬಿಸಿ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಒಳ್ಳೆಯ ದಿನ, ಒಂದು ಕೆಟ್ಟ ಅಂಪೈರಿಂಗ್, ಒಂದು ಕಾಲು ಉಳುಕು, ಇಷ್ಟರಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. ಲೀಗ್ ಹಾಗಲ್ಲ. 2016-17ರ ಐ-ಲೀಗಿನಲ್ಲಿ ಹತ್ತು ತಂಡಗಳಿದ್ದವು. ಪ್ರತಿ ತಂಡವೂ ಉಳಿದ ಒಂಬತ್ತು ತಂಡಗಳ ಜೊತೆ ಒಮ್ಮೆ ತವರಿನಲ್ಲಿ, ಒಮ್ಮೆ ಅವರ ಊರಿನಲ್ಲಿ ಆಡಬೇಕು. ಒಟ್ಟು ಹದಿನೆಂಟು ಪಂದ್ಯ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಕೊನೆಗೆ ಫೈನಲ್ ಎಂಬುದಿಲ್ಲ, ಅಂಕಪಟ್ಟಿಯ ಮೇಲ್ತುದಿಯಲ್ಲಿ ಯಾರಿದ್ದಾರೋ ಅವರೇ ಚಾಂಪಿಯನ್. ಜನವರಿಯ ಚಳಿಯಲ್ಲಿ ಕೈಬಿಟ್ಟ ಅಂಕ ಏಪ್ರಿಲ್ ಬಿಸಿಲಿನಲ್ಲಿ ಬಂದು ಲೆಕ್ಕ ಕೇಳುತ್ತದೆ. ಆಡಂಬರಕ್ಕೆ ಇಲ್ಲಿ ಜಾಗ ಕಡಿಮೆ. ಹಣವಿಲ್ಲದ, ಹೆಸರಿಲ್ಲದ, ಆದರೆ ವಾರ ವಾರವೂ ತಪ್ಪದೆ ದುಡಿಯುವ ತಂಡಕ್ಕೆ ಅನುಕೂಲವಾಗುವ ಪದ್ಧತಿ ಇದೊಂದೇ ಎಂದು ನಾನು ನಂಬಿದ್ದೇನೆ.

ಆದರೆ ಆ ಹದಿನೆಂಟು ಪಂದ್ಯಗಳನ್ನು ಆಡುವ ಹಕ್ಕೇ ಐಜ್ವಾಲಿಗೆ ಇರಲಿಲ್ಲ. ಹಿಂದಿನ ಋತುವಿನಲ್ಲಿ, ಅಂದರೆ 2015-16ರಲ್ಲಿ, ಅದು ಮೊದಲ ಬಾರಿಗೆ ಐ-ಲೀಗಿಗೆ ಬಂದು, ಒಂಬತ್ತು ತಂಡಗಳ ಪಟ್ಟಿಯಲ್ಲಿ ಎಂಟನೆಯದಾಗಿ ಕೆಳದರ್ಜೆಗೆ ಇಳಿದಿತ್ತು. ಇದರಲ್ಲೂ ಒಂದು ವಿಚಿತ್ರವಿದೆ. ಅದಕ್ಕಿಂತ ಕೆಳಗಿದ್ದ ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್ ನೇರ ಪ್ರವೇಶ ಪಡೆದ ಕಾರ್ಪೊರೇಟ್ ತಂಡವಾದ್ದರಿಂದ ಅದಕ್ಕೆ ಇಳಿಕೆಯಿಂದ ವಿನಾಯಿತಿ ಇತ್ತು; ಕೊನೆಯ ಸ್ಥಾನದವರು ಉಳಿದರು, ಅವರ ಮೇಲಿನವರು ಇಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಐಜ್ವಾಲ್ ಫೆಡರೇಷನ್ ಕಪ್ ಫೈನಲ್ ತಲುಪಿ ಗುವಾಹಟಿಯಲ್ಲಿ ಮೋಹನ್ ಬಾಗಾನ್ ಎದುರು 5-0ಯಿಂದ ಸೋತಿತ್ತು. ನಂತರ ಐ-ಲೀಗನ್ನು ಎರಡನೆಯ ದರ್ಜೆಗೆ ಇಳಿಸಲು ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಮುಂದಿಟ್ಟ ಹೊಸ ನಕ್ಷೆಯನ್ನು ವಿರೋಧಿಸಿ ಗೋವಾದ ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ಲೀಗಿನಿಂದ ಹೊರನಡೆದವು. ತಂಡಗಳು ಸಾಲದಾದಾಗ ಐಜ್ವಾಲನ್ನು ಮರಳಿ ಒಳಗೆ ಕರೆದರು. ತೆರವಾದ ಕುರ್ಚಿಯಲ್ಲಿ ಕೂರಲು ಕರೆದವರೇ ಊಟ ಮುಗಿಯುವ ಹೊತ್ತಿಗೆ ಪಂಕ್ತಿಯ ಮೊದಲ ಎಲೆಯವರಾದರು ಎಂದರೆ ನಮ್ಮ ಕಡೆಯವರಿಗೆ ಆ ಋತುವಿನ ಸ್ವಾರಸ್ಯ ತಿಳಿದೀತು.

ಮರಳಿ ಬಂದ ತಂಡಕ್ಕೆ ಕೋಚ್ ಆಗಿ ಬಂದವರು ಖಾಲಿದ್ ಜಮೀಲ್. ಕುವೈತಿನಲ್ಲಿ ಹುಟ್ಟಿ ಮುಂಬೈಯಲ್ಲಿ ಆಡಿದ ಈ ಮಿತಭಾಷಿ, ಹಲವು ವರ್ಷ ಮುಂಬೈ ಎಫ್‌ಸಿಯನ್ನು ಕೈಯಲ್ಲಿದ್ದ ಸಣ್ಣ ಗಂಟಿನಲ್ಲೇ ಲೀಗಿನಲ್ಲಿ ಉಳಿಸಿಕೊಂಡು ಬಂದಿದ್ದರು. ಆ ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು; ಅವರು ಗುಡ್ಡದೂರಿಗೆ ಹೋದರು. ಅದೇ ಋತುವಿನ ಕೊನೆಗೆ ಮುಂಬೈ ಎಫ್‌ಸಿ ಹತ್ತನೆಯ ಸ್ಥಾನದಲ್ಲಿತ್ತು, ಖಾಲಿದ್ ಮೊದಲನೆಯ ಸ್ಥಾನದಲ್ಲಿದ್ದರು. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ತೀರ ಅಚ್ಚುಕಟ್ಟಾಯಿತೆಂದು ತಿದ್ದಿಸುತ್ತಿದ್ದರು.

ಖಾಲಿದ್ ತಮ್ಮೊಂದಿಗೆ ಮುಂಬೈಯಿಂದ ಆಶುತೋಷ್ ಮೆಹ್ತಾ, ಜಯೇಶ್ ರಾಣೆಯವರಂಥ ಪರಿಚಿತ ಹುಡುಗರನ್ನು ಕರೆದೊಯ್ದರು. ಗೋಲಿನ ಮುಂದೆ ಗೋವಾದ ಆಲ್ಬಿನೋ ಗೋಮ್ಸ್ ನಿಂತರು. ನಡುವಿನಲ್ಲಿ ಸಿರಿಯಾದ ಮಹಮೂದ್ ಅಲ್-ಅಮ್ನಾ ಮತ್ತು ಲೈಬೀರಿಯಾದ ಆಲ್ಫ್ರೆಡ್ ಜಾರ್ಯಾನ್, ಮುಂದೆ ಐವರಿ ಕೋಸ್ಟಿನ ಕಾಮೋ ಬಾಯಿ, ಹಿಂದೆ ನೈಜೀರಿಯಾದ ಕಿಂಗ್ಸ್ಲಿ. ಇವರ ಸುತ್ತ ಮಿಜೋ ಹುಡುಗರು: ಜೋಮಿಂಗ್ಲಿಯಾನಾ ರಾಲ್ತೆ, ಲಾಲ್ರುಅತ್ಥರಾ, ಲಾಲ್ರಾಮ್‌ಚುಲ್ಲೋವಾ, ಬ್ರ್ಯಾಂಡನ್. ಅಲ್-ಅಮ್ನಾ ಆಡುವುದನ್ನು ಟಿ.ವಿ.ಯಲ್ಲಿ ನೋಡುವುದೇ ಒಂದು ಸುಖವಾಗಿತ್ತು. ತನ್ನ ದೇಶ ಯುದ್ಧದಲ್ಲಿ ಸುಡುತ್ತಿರುವಾಗ ಬೆಟ್ಟದ ಮೇಲಿನ ಹುಲ್ಲುಹಾಸಿನಲ್ಲಿ ಅಷ್ಟು ಸಮಾಧಾನವಾಗಿ, ಚೆಂಡನ್ನು ಎರಡು ಕ್ಷಣ ಹೆಚ್ಚಿಗೆ ಹಿಡಿದು, ಎದುರಾಳಿ ಹೆಜ್ಜೆ ಇಟ್ಟ ಮೇಲಷ್ಟೇ ಪಾಸ್ ಕೊಡುವ ಆ ನಿಧಾನ ನನಗೆ ಬಹಳ ಹಿಡಿಸಿತ್ತು. ತಂಡವೂ ಹಾಗೆಯೇ ಇತ್ತು. ಗೋಲುಗಳ ಸುರಿಮಳೆ ಇಲ್ಲ. ಒಂದು ಗೋಲು ಹೊಡೆದು ಅದನ್ನು ಕಾಯುವುದು, ಕೊನೆಯ ಹತ್ತು ನಿಮಿಷ ಹಲ್ಲುಕಚ್ಚಿ ನಿಲ್ಲುವುದು. ಚೆಂದದ ಫುಟ್ಬಾಲ್ ಬೇಕೆನ್ನುವವರಿಗೆ ಇದು ಸಪ್ಪೆ ಎನಿಸಿತು. ಕಡಿಮೆ ಬಂಡವಾಳದವನು ಬೇರೆ ಹೇಗೆ ವ್ಯಾಪಾರ ಮಾಡಬೇಕು ಎಂದು ನಾನು ಕೇಳುತ್ತೇನೆ.

ಜನವರಿ 7ರಂದು ಬಾರಾಸತ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ಡ್ರಾ ಮಾಡಿಕೊಂಡು ಐಜ್ವಾಲ್ ಋತುವನ್ನು ಆರಂಭಿಸಿದಾಗ ಯಾರೂ ತಲೆಯೆತ್ತಿ ನೋಡಲಿಲ್ಲ. ಕರ್ನಾಟಕದವನಾಗಿ ನಾನು ನೋಡುತ್ತಿದ್ದುದೂ ಬೆಂಗಳೂರು ಎಫ್‌ಸಿಯನ್ನೇ. 2013-14ರಲ್ಲಿ ಮೊದಲ ಯತ್ನದಲ್ಲೇ, ಮತ್ತೆ 2015-16ರಲ್ಲಿ ಐ-ಲೀಗ್ ಗೆದ್ದಿದ್ದ ತಂಡ ಅದು. 2016ರ ನವೆಂಬರಿನಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಗಿ ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತಿತ್ತು. ಸುನಿಲ್ ಛೆಟ್ರಿ ನಾಯಕ. ಹೊಸ ಋತುವೂ ಅವರದೇ ಎಂದು ಎಲ್ಲರಂತೆ ನಾನೂ ಅಂದಾಜು ಹಾಕಿದ್ದೆ. ಆದರೆ ನಡುವೆ ಬೆಂಗಳೂರು ಅಂಕಗಳನ್ನು ಉದುರಿಸುತ್ತಾ ಹೋಯಿತು, ಕೊನೆಗೆ 30 ಅಂಕಗಳೊಂದಿಗೆ ನಾಲ್ಕನೆಯದಾಯಿತು. ಅದು ಜಾರಿದಂತೆಲ್ಲ ನನ್ನ ಕಣ್ಣು ಪಟ್ಟಿಯ ಮೇಲೆ ಹತ್ತುತ್ತಿದ್ದ ಇನ್ನೊಂದು ಹೆಸರಿನ ಮೇಲೆ ನೆಟ್ಟಿತು. ಬೆಂಗಳೂರು ನಮ್ಮ ರಾಜಧಾನಿ ನಿಜ, ಆದರೆ ಕಲಬುರಗಿಯಿಂದ ಆರುನೂರು ಕಿಲೋಮೀಟರಿನಷ್ಟು ದೂರ. ರಾತ್ರಿಯಿಡೀ ರೈಲಿನಲ್ಲಿ ಕೂತು ತಲುಪಬೇಕಾದ ಊರಿನ ತಂಡವನ್ನು ‘ನಮ್ಮದು’ ಎನ್ನಲು ಸ್ವಲ್ಪ ಪ್ರಯತ್ನ ಬೇಕಾಗುತ್ತದೆ. ಐಜ್ವಾಲನ್ನು ಮೆಚ್ಚಲು ನನಗೆ ಯಾವ ಪ್ರಯತ್ನವೂ ಬೇಕಾಗಲಿಲ್ಲ.

ಏಪ್ರಿಲ್ ಬಂತು. ಕಲಬುರಗಿಯ ಏಪ್ರಿಲ್ ಬಗ್ಗೆ ಹೊರಗಿನವರಿಗೆ ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೆ ಬೀದಿಗಳು ಬರಿದಾಗುತ್ತವೆ, ಸರ್ಕಾರಿ ಕಚೇರಿಗಳ ಹೊತ್ತೇ ಬದಲಾಗುತ್ತದೆ. ಆ ದಿನಗಳಲ್ಲಿ ಸೂಪರ್ ಮಾರ್ಕೆಟ್ಟಿನ ಚಹಾದ ಅಂಗಡಿಗಳಲ್ಲಿ ಮಾತೆಲ್ಲ ಐಪಿಎಲ್ ಬಗ್ಗೆಯೇ. ಏಪ್ರಿಲ್ 22ರ ಶನಿವಾರ ಐಜ್ವಾಲಿನ ರಾಜೀವ್ ಗಾಂಧಿ ಕ್ರೀಡಾಂಗಣದಲ್ಲಿ ಎರಡು ತಂಡಗಳು ಸಮ ಅಂಕಗಳೊಂದಿಗೆ ಎದುರಾದವು: ಒಂದು ಕಡೆ 1889ರಲ್ಲಿ ಹುಟ್ಟಿದ, 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ತಂಡವನ್ನು ಸೋಲಿಸಿದ ಮೋಹನ್ ಬಾಗಾನ್, ಇನ್ನೊಂದು ಕಡೆ 1984ರಲ್ಲಿ ಹುಟ್ಟಿದ, ಹಿಂದಿನ ವರ್ಷ ಇಳಿದು ಹೋಗಿದ್ದ ಐಜ್ವಾಲ್. ಗೋಲಿಲ್ಲದೆ ಮುಗಿಯುತ್ತದೆ ಎನ್ನುವಾಗ 83ನೇ ನಿಮಿಷದಲ್ಲಿ ಡಿಫೆಂಡರ್ ಜೋಮಿಂಗ್ಲಿಯಾನಾ ರಾಲ್ತೆ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. 1-0. ಮರುದಿನ ಚಹಾದ ಅಂಗಡಿಯಲ್ಲಿ ನಾನು ಈ ಸುದ್ದಿ ತೆಗೆದಾಗ ಅಂಗಡಿಯವರು, “ಅದ್ಯಾವ ಊರ್ರೀ ಸರ, ಐಜ್ವಾಲ್? ನಮ್ ದೇಶದಾಗೇ ಅದ ಏನ್ರೀ?” ಎಂದು ನಿಜವಾದ ಕುತೂಹಲದಿಂದ ಕೇಳಿದರು. ಅದೇ ರಾತ್ರಿ ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ 49 ರನ್ನಿಗೆ ಆಲೌಟ್ ಆಯಿತು. ಅಲ್ಲಿಂದ ಒಂದು ವಾರ ಊರಿನಲ್ಲಿ ಬೇರೆ ಯಾವ ಆಟದ ಮಾತಿಗೂ ಅವಕಾಶ ಉಳಿಯಲಿಲ್ಲ.

ಹದಿನೇಳು ಪಂದ್ಯಗಳ ನಂತರ ಐಜ್ವಾಲ್ 36, ಬಾಗಾನ್ 33. ಕೊನೆಯ ಪಂದ್ಯದಲ್ಲಿ ಐಜ್ವಾಲಿಗೆ ಒಂದೇ ಒಂದು ಅಂಕ ಸಾಕಿತ್ತು. ಆದರೆ ಆ ಪಂದ್ಯ ಶಿಲ್ಲಾಂಗಿನಲ್ಲಿ, ಲಾಜಾಂಗ್ ಎದುರು. ಈಶಾನ್ಯದಿಂದ ಐ-ಲೀಗಿಗೆ ಮೊದಲು ಕಾಲಿಟ್ಟ ಕ್ಲಬ್ ಲಾಜಾಂಗ್. ನೆರೆಯವರಾದ್ದರಿಂದ ಬಿಟ್ಟುಕೊಟ್ಟಾರೆಂದು ಕೋಲ್ಕತ್ತದಲ್ಲಿ ಗುಸುಗುಸು ಇತ್ತು. ಬಿಟ್ಟುಕೊಡುವುದಿರಲಿ, ಬಸವ ಜಯಂತಿಯ ಬೆನ್ನಿಗೇ ಬಂದ ಆ ಭಾನುವಾರ ಪಂದ್ಯ ಶುರುವಾಗಿ ಒಂಬತ್ತೇ ನಿಮಿಷಕ್ಕೆ ಲಾಜಾಂಗಿನ ಡಿಪಾಂಡಾ ಡಿಕಾ, ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಆಟಗಾರ, ಐಜ್ವಾಲಿನ ಬಲೆಗೆ ಚೆಂಡನ್ನು ನುಗ್ಗಿಸಿದರು. ಅತ್ತ ಕೋಲ್ಕತ್ತದಲ್ಲಿ ಬಾಗಾನ್, ಚೆನ್ನೈ ಸಿಟಿಯ ಎದುರು ಆಡುತ್ತಿತ್ತು. ಐಜ್ವಾಲ್ ಸೋತು ಬಾಗಾನ್ ಗೆದ್ದರೆ ಪಟ್ಟ ಕೋಲ್ಕತ್ತಕ್ಕೆ. ನಾಲ್ಕು ತಿಂಗಳು ಕಾದಿಟ್ಟ ಲೆಕ್ಕ ಒಂದು ಗೋಲಿನಿಂದ ತಲೆಕೆಳಗಾಗುವ ಸ್ಥಿತಿ.

ನಮ್ಮ ಮನೆಯಲ್ಲಿ ಆ ಸಂಜೆ ರಿಮೋಟಿಗಾಗಿ ಸಣ್ಣ ಜಗಳವೇ ನಡೆಯಿತು, ಏಕೆಂದರೆ ರಾತ್ರಿ ಹೈದರಾಬಾದಿನಲ್ಲಿ ಸನ್‌ರೈಸರ್ಸ್ ಪಂದ್ಯವಿತ್ತು. ನಮ್ಮ ಬೀದಿಯಲ್ಲಿ ಅರ್ಧ ಜನ ಆರ್‌ಸಿಬಿಯವರಾದರೆ ಇನ್ನರ್ಧ ಜನ ಹೈದರಾಬಾದಿನವರು. ಅಂದು ಡೇವಿಡ್ ವಾರ್ನರ್ 126 ರನ್ ಹೊಡೆದರು, ಅದನ್ನು ಇವತ್ತಿಗೂ ಊರಿನ ಹುಡುಗರು ಹೇಳುತ್ತಾರೆ. ನನಗೆ ನೆನಪಿರುವುದು ಶಿಲ್ಲಾಂಗಿನ 67ನೇ ನಿಮಿಷ: ವಿಲಿಯಂ ಲಾಲ್‌ನುನ್‌ಫೆಲಾ ಸಮ ಮಾಡಿದ ಗೋಲು. ಅದರ ನಂತರದ ಇಪ್ಪತ್ತಮೂರು ನಿಮಿಷಗಳಲ್ಲಿ ಐಜ್ವಾಲ್ ಆಡಿದ್ದನ್ನು ಫುಟ್ಬಾಲ್ ಎನ್ನುವುದಕ್ಕಿಂತ ಕಾವಲು ಎನ್ನಬಹುದು. ಶಿಲ್ಲಾಂಗಿಗೆ ಬಂದು ತುಂಬಿದ್ದ ಮಿಜೋ ಅಭಿಮಾನಿಗಳು ಅಷ್ಟು ಹೊತ್ತೂ ನಿಂತೇ ಇದ್ದರು. ಪಂದ್ಯ 1-1ರಲ್ಲಿ ಮುಗಿಯಿತು, ಕೋಲ್ಕತ್ತದಲ್ಲಿ ಬಾಗಾನ್ 2-1ರಿಂದ ಗೆದ್ದಿತು. ಐಜ್ವಾಲ್ 37, ಮೋಹನ್ ಬಾಗಾನ್ 36.

ಈ ಒಂದು ಅಂಕದ ಅಂತರದೊಳಗೆ ಇಳಿದು ನೋಡಿದರೆ ಲೀಗಿನ ಸ್ವಭಾವ ತಿಳಿಯುತ್ತದೆ. ಐಜ್ವಾಲ್ 11 ಗೆದ್ದು, 4 ಡ್ರಾ ಮಾಡಿ, 3 ಸೋತಿತ್ತು. ಬಾಗಾನ್ ಸೋತದ್ದು ಎರಡೇ ಪಂದ್ಯ. ಆದರೆ ಗೆದ್ದದ್ದು 10, ಡ್ರಾ 6. ಅಂದರೆ ಕಡಿಮೆ ಸೋತ ತಂಡ ಎರಡನೆಯದಾಯಿತು. ಹೆಚ್ಚು ಹೆಸರಿನ, ಹೆಚ್ಚು ಸಂಬಳದ ಆಟಗಾರರ ತಂಡ ಆರು ಸಂಜೆ ಸಮಾಧಾನದ ಒಂದು ಅಂಕದೊಂದಿಗೆ ಮೈದಾನದಿಂದ ಹೊರಬಂದಿತ್ತು, ಐಜ್ವಾಲಿನವರು ಅಂಥ ಸಂಜೆಗಳಲ್ಲಿ ಇನ್ನೊಂದು ಗೋಲಿಗಾಗಿ ಕುತ್ತಿಗೆ ಚಾಚಿದ್ದರು. ಫೈನಲ್ ಪಂದ್ಯದ ಟೂರ್ನಿಯಾಗಿದ್ದರೆ ಐದು ಗೋಲುಗಳ ಗುವಾಹಟಿಯೇ ಮತ್ತೊಮ್ಮೆ ನಡೆಯುತ್ತಿತ್ತೋ ಏನೋ. ಹದಿನೆಂಟು ಪಂದ್ಯ ಆಡಿಸಿದ್ದರಿಂದ ಐಜ್ವಾಲ್ ಗೆದ್ದಿತು.

ಮರುದಿನದಿಂದ ಪತ್ರಿಕೆಗಳು ಐಜ್ವಾಲನ್ನು ‘ಭಾರತದ ಲೆಸ್ಟರ್’ ಎಂದು ಕರೆದವು. ಹಿಂದಿನ ವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ, 5000ಕ್ಕೆ ಒಂದರ ಬಾಜಿ ಇದ್ದ ಲೆಸ್ಟರ್ ಸಿಟಿ ಗೆದ್ದಿತ್ತಲ್ಲ, ಅದರ ನೆನಪು ಎಲ್ಲರಲ್ಲೂ ಹಸಿಯಾಗಿತ್ತು. ಹೋಲಿಕೆ ನಾಲಿಗೆಗೆ ಸುಲಭ, ಆದರೆ ನನಗೆ ಅದು ರುಚಿಸಲಿಲ್ಲ. ಲೆಸ್ಟರಿನ ಹಿಂದೆ ಥಾಯ್ಲೆಂಡಿನ ಕೋಟ್ಯಧಿಪತಿ ಇದ್ದರು, ಇಂಗ್ಲಿಷ್ ಲೀಗಿನ ಟಿ.ವಿ. ಹಣವಿತ್ತು. ಪವಾಡ ಎಂದುಬಿಟ್ಟರೆ ಇನ್ನೊಂದು ತೊಂದರೆ: ಪವಾಡಕ್ಕೆ ಕಾರಣ ಹುಡುಕುವವರಿಲ್ಲ. ಮಿಜೋರಾಂನಲ್ಲಿ ನಡೆದದ್ದಕ್ಕೆ ಕಾರಣಗಳಿದ್ದವು, ಎಣಿಸಿ ಹೇಳಬಹುದಾದ ಕಾರಣಗಳು.

2012ರಲ್ಲಿ ಅಲ್ಲಿ ಮಿಜೋರಾಂ ಪ್ರೀಮಿಯರ್ ಲೀಗ್ ಆರಂಭವಾಯಿತು. ರಾಜ್ಯದ್ದೇ ಕ್ಲಬ್ಬುಗಳು, ಸ್ಥಳೀಯ ಕೇಬಲ್ ಚಾನೆಲ್ಲಿನಲ್ಲಿ ನೇರ ಪ್ರಸಾರ, ಐಜ್ವಾಲಿನ ನಡುವಿನ ಲಮ್ಮುವಲ್ ಮೈದಾನದಲ್ಲಿ ಕೃತಕ ಹುಲ್ಲಿನ ಹಾಸು. ಅದಕ್ಕೂ ಮೊದಲು ಶೈಲೋ ಮಾಲ್ಸೋಮ್ಟ್ಲುವಾಂಗಾರಂಥ ಹುಡುಗರು ಕೋಲ್ಕತ್ತಕ್ಕೆ ಹೋಗಿ ದೊಡ್ಡ ಕ್ಲಬ್ಬುಗಳಲ್ಲಿ ಹೆಸರು ಮಾಡಿದ್ದರು, ಆಮೇಲೆ ಜೆಜೆ ಲಾಲ್‌ಪೆಖ್ಲುವಾ ಭಾರತ ತಂಡದ ಮುಂಚೂಣಿಯಲ್ಲಿ ನಿಂತರು. ಆದರೆ ಹೊರಗೆ ಹೋಗಿ ಬೆಳೆಯುವುದಕ್ಕೂ ಊರಿನಲ್ಲೇ ಪ್ರತಿ ವಾರ ಆಡಿ ಬೆಳೆಯುವುದಕ್ಕೂ ವ್ಯತ್ಯಾಸವಿದೆ. ಲೀಗ್ ಶುರುವಾಗಿ ಎರಡೇ ವರ್ಷಕ್ಕೆ, 2014ರಲ್ಲಿ, ಮಿಜೋರಾಂ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತು, ಸಿಲಿಗುರಿಯ ಫೈನಲ್ಲಿನಲ್ಲಿ ರೈಲ್ವೇಸ್ ವಿರುದ್ಧ 3-0. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು 2017ರ ಪಟ್ಟ. ಕಟ್ಟಡ ಕಣ್ಣೆದುರಿಗಿರುವಾಗ ಅದನ್ನು ಪವಾಡ ಎನ್ನುವುದು, ಕಟ್ಟಿದವರ ಕೂಲಿಯನ್ನು ಕೊಡದೆ ಕಳುಹಿಸಿದಂತೆ.

ಇದನ್ನು ಕಲಬುರಗಿಯಲ್ಲಿ ಕುಳಿತು ಬರೆಯುವಾಗ ಮನಸ್ಸು ಸುಮ್ಮನಿರುವುದಿಲ್ಲ, ಏಕೆಂದರೆ ನಮ್ಮ ನೆಲಕ್ಕೂ ಒಂದು ಫುಟ್ಬಾಲ್ ಇತಿಹಾಸವಿದೆ, ನಾವು ಅದನ್ನು ಮರೆತಿದ್ದೇವೆ ಅಷ್ಟೆ. 1956ರ ನವೆಂಬರ್ 1ರವರೆಗೆ ಗುಲ್ಬರ್ಗ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಆ ಹೈದರಾಬಾದ್ ಆಗ ದೇಶದ ಫುಟ್ಬಾಲಿನ ದೊಡ್ಡ ಹೆಸರು. ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಮಾಸ್ತರರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬೈಯ ಹೆಸರಾಂತ ಟೂರ್ನಿಯಾದ ರೋವರ್ಸ್ ಕಪ್ ಗೆದ್ದಿತು. ಅದೇ ರಹೀಮ್ ಸಾಹೇಬರ ಗರಡಿಯಲ್ಲಿ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು. ತುಳಸಿದಾಸ್ ಬಲರಾಮ್ ಸೇರಿ ಆ ತಂಡಗಳಲ್ಲಿ ಹೈದರಾಬಾದ್–ಸಿಕಂದರಾಬಾದಿನ ಹಲವರಿದ್ದರು. ಮೆಲ್ಬರ್ನಿನಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದು ಡಿಸೆಂಬರ್ 1ರಂದು. ಅಷ್ಟು ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿ ಸರಿಯಾಗಿ ಒಂದು ತಿಂಗಳಾಗಿತ್ತು.

ಅರವತ್ತರ ದಶಕದಲ್ಲಿ ಹೈದರಾಬಾದಿನಲ್ಲಿ ಓದಿದ ನನ್ನ ಸೋದರಮಾವ, ಆಟದ ಮಾತು ಬಂದಾಗಲೆಲ್ಲ ಫತೇ ಮೈದಾನದ ಕಥೆ ತೆಗೆಯುತ್ತಿದ್ದರು. “ನೀ ಏನ್ ನೋಡೀಯೋ ತಮ್ಮಾ ಫುಟ್ಬಾಲು! ಪೊಲೀಸ್ ಟೀಮ್ ಇಳೀತಂದ್ರ ಕಲ್ಕತ್ತಾದವ್ರಿಗೂ ಎದಿ ಡವಡವ ಅಂತಿತ್ತು” ಎನ್ನುವುದು ಅವರ ಖಾಯಂ ಮಾತು. ಐಜ್ವಾಲ್ ಗೆದ್ದ ವಾರ ನಾನು ಅವರಿಗೆ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅವರ ಊರಾಗ ಲೀಗ್ ನಡೀತದೇನು?” ನಡೆಯುತ್ತದೆ ಎಂದೆ. “ಹಂಗಾದ್ರ ಗೆಲ್ತಾರ ಬಿಡು” ಎಂದು ಮುಗಿಸಿದರು. ಹೈದರಾಬಾದಿನ ಹಿರಿಮೆಯೂ ಸ್ಥಳೀಯ ಲೀಗಿನ ಮೇಲೆಯೇ ನಿಂತಿತ್ತು, ಅದು ಸೊರಗಿದಾಗ ಹಿರಿಮೆಯೂ ಸೊರಗಿತು ಎಂಬುದು ಅವರ ವಾದ. ಅದನ್ನು ಒಪ್ಪದಿರಲು ನನಗೆ ಕಾರಣ ಸಿಕ್ಕಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಫುಟ್ಬಾಲ್ ಆಡುವ ಹುಡುಗರು ಇಲ್ಲದಿಲ್ಲ. ಸಂಜೆ ಹೊತ್ತು ಮೊಹಲ್ಲಾದ ಬಯಲುಗಳಲ್ಲಿ ಬರಿಗಾಲಿನಲ್ಲಿ ಚೆಂಡು ಒದೆಯುವ ಮಕ್ಕಳನ್ನು ಯಾರು ಬೇಕಾದರೂ ನೋಡಬಹುದು. ಅವರಲ್ಲೊಬ್ಬ ನಿಜವಾಗಿಯೂ ಚೆನ್ನಾಗಿದ್ದರೆ ಅವನಿಗೆ ವರ್ಷವಿಡೀ ವಾರಕ್ಕೊಂದು ಗಟ್ಟಿ ಪಂದ್ಯ ಸಿಗುವುದು ಬೆಂಗಳೂರಿನ ಲೀಗಿನಲ್ಲಿ. ಆರುನೂರು ಕಿಲೋಮೀಟರ್ ಆಚೆ ಕೋಣೆ ಬಾಡಿಗೆ, ಊಟ, ಬೂಟು ಎಲ್ಲವನ್ನೂ ಹೊಂದಿಸಿಕೊಳ್ಳಬೇಕು. ಮಿಜೋ ಹುಡುಗ ಇದನ್ನು ತನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪಡೆಯುತ್ತಾನೆ.

ಇನ್ನು ಬಾಗಿಲಿನ ವಿಷಯ. ಐಜ್ವಾಲ್ ಪಟ್ಟ ಗೆದ್ದ ದಿನಗಳಲ್ಲೇ ದೆಹಲಿಯಲ್ಲಿ ಬೇರೆಯದೇ ಮಾತುಕತೆ ನಡೆದಿತ್ತು. 2014ರಲ್ಲಿ ಎರಡು–ಮೂರು ತಿಂಗಳ ಟೂರ್ನಿಯಾಗಿ ಶುರುವಾಗಿದ್ದ ಇಂಡಿಯನ್ ಸೂಪರ್ ಲೀಗ್ ಅನ್ನು ದೇಶದ ಮುಖ್ಯ ಲೀಗ್ ಮಾಡುವ ಯೋಜನೆ ಅದು. ಅದರೊಳಗೆ ಜಾಗ ಸಿಗುತ್ತಿದ್ದುದು ಬಿಡ್ ಹಾಕಿ, ವರ್ಷ ವರ್ಷ ಕೋಟಿಗಟ್ಟಲೆ ಫ್ರಾಂಚೈಸಿ ಶುಲ್ಕ ಕಟ್ಟುವವರಿಗೆ. ಅಂಕಪಟ್ಟಿಯನ್ನು ಅಲ್ಲಿ ಯಾರೂ ಕೇಳಲಿಲ್ಲ. ಚಾಂಪಿಯನ್ ಆದ ಐಜ್ವಾಲ್, ತನ್ನನ್ನು ಎರಡನೆಯ ದರ್ಜೆಗೆ ತಳ್ಳಿದರೆ ಉಪವಾಸ ಕೂರುವುದಾಗಿ ಫೆಡರೇಷನ್ನಿಗೆ ಪತ್ರ ಬರೆಯಬೇಕಾಯಿತು. ದೇಶದ ಲೀಗ್ ಗೆದ್ದವರು ದೇಶದ ಲೀಗಿನಲ್ಲಿ ಉಳಿಯಲು ಉಪವಾಸದ ಮಾತಾಡಬೇಕಾದ ಪರಿಸ್ಥಿತಿ ಇನ್ನೆಲ್ಲಿಯಾದರೂ ಬಂದಿದೆಯೋ ನಾನರಿಯೆ. 2017-18ರಿಂದ ಎರಡು ಲೀಗುಗಳು ಪಕ್ಕಪಕ್ಕದಲ್ಲಿ ನಡೆದವು. ಬೆಂಗಳೂರು ಎಫ್‌ಸಿ ಹಣ ಕಟ್ಟಿ ಆ ಕಡೆಗೆ ದಾಟಿತು. ಐಜ್ವಾಲ್ ಈ ಕಡೆ ಉಳಿಯಿತು. ಐ-ಲೀಗ್ ಗೆದ್ದು ಸೂಪರ್ ಲೀಗಿಗೆ ಏರುವ ದಾರಿ ತೆರೆದದ್ದು 2022-23ರ ಋತುವಿನಲ್ಲಿ, ಪಂಜಾಬಿನ ಕ್ಲಬ್ ಗೆದ್ದಾಗ. ಐಜ್ವಾಲಿನ ಮಟ್ಟಿಗೆ ಅದು ತೀರ ತಡವಾಗಿತ್ತು.

ಏಕೆಂದರೆ ತಂಡ ಆಗಲೇ ಚದುರಿಹೋಗಿತ್ತು. ಖಾಲಿದ್ ಈಸ್ಟ್ ಬೆಂಗಾಲಿಗೆ ಹೋದರು, ಅಲ್-ಅಮ್ನಾ ಅವರ ಹಿಂದೆ ಹೋದರು. ಕಾಮೋ ಮತ್ತು ಕಿಂಗ್ಸ್ಲಿ ಮೋಹನ್ ಬಾಗಾನಿಗೆ, ಲಾಲ್ರುಅತ್ಥರಾ ಕೇರಳ ಬ್ಲಾಸ್ಟರ್ಸ್‌ಗೆ, ಮೆಹ್ತಾ ಮತ್ತು ರಾಣೆ ಕೋಲ್ಕತ್ತದ ಎಟಿಕೆಗೆ, ಆಲ್ಬಿನೋ ದೆಹಲಿಗೆ. 2018ರ ಜನವರಿಯಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯಕ್ಕಾಗಿ ಇರಾನಿನ ಜೋಬ್ ಆಹನ್ ಎದುರು ಆಡಲಿಳಿದಾಗ ಅದು ಬೇರೆಯೇ ತಂಡ, 3-1ರಿಂದ ಸೋತಿತು. ಹಾಗಿದ್ದೂ ಒಂದು ಗೋಲು ಹೊಡೆದು ಬಂತು.

ಹೊಸ ಲೀಗಿನ ಪದ್ಧತಿಯ ಬಗ್ಗೆಯೂ ನನಗೊಂದು ತಕರಾರಿದೆ, ಅದನ್ನು ಹೇಳಲು ಬೆಂಗಳೂರಿನ ಉದಾಹರಣೆಯೇ ಸಾಕು. 2017-18ರಲ್ಲಿ ಬೆಂಗಳೂರು ಎಫ್‌ಸಿ ಹದಿನೆಂಟು ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ಮೊದಲಿಗಾಯಿತು. ಎರಡನೆಯ ಚೆನ್ನೈಯಿನ್ 32 ಅಂಕಗಳೊಂದಿಗೆ ಬಹಳ ಹಿಂದಿತ್ತು. ಐ-ಲೀಗಿನ ನಿಯಮವಿದ್ದಿದ್ದರೆ ಬೆಂಗಳೂರು ಆಗಲೇ ಚಾಂಪಿಯನ್. ಆದರೆ ಇಲ್ಲಿ ಪ್ಲೇ-ಆಫ್ ಇತ್ತು, ಫೈನಲ್ ಇತ್ತು. 2018ರ ಮಾರ್ಚ್ 17ರಂದು ಕಂಠೀರವದಲ್ಲಿ, ತನ್ನದೇ ಜನರ ಎದುರು, ಬೆಂಗಳೂರು ಅದೇ ಚೆನ್ನೈಯಿನ್‌ಗೆ 3-2ರಿಂದ ಸೋತಿತು. ಮುಂದಿನ ವರ್ಷ ಫೈನಲ್ಲನ್ನೂ ಗೆದ್ದಿತು, ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಗೋವಾ ಎದುರು ಹೊಡೆದ ಹೆಡ್ಡರಿನಿಂದ, ನಾನು ಸಂತೋಷಪಟ್ಟೆ. ಆದರೂ ಆ ಎಂಟು ಅಂಕಗಳ ಅಂತರ ಎಲ್ಲಿ ಹೋಯಿತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಪಟ್ಟಿಯಲ್ಲಿ ಮೊದಲಿಗರಾದವರಿಗೆ ಶೀಲ್ಡ್ ಕೊಡುವ ರೂಢಿ 2019-20ರಲ್ಲಿ ಬಂದಾಗ, ಲೀಗಿಗೆ ತನ್ನ ಲೆಕ್ಕದ ಮೇಲೆ ಕೊನೆಗೂ ಸ್ವಲ್ಪ ಗೌರವ ಹುಟ್ಟಿತು ಅನ್ನಿಸಿತು.

ಸೂಪರ್ ಲೀಗಿನಲ್ಲಿ ಕಲಬುರಗಿಗೆ ಅತ್ಯಂತ ಹತ್ತಿರದ ಕ್ಲಬ್ ಬೆಂಗಳೂರಿನದಲ್ಲ, ಹೈದರಾಬಾದಿನದಾಗಿತ್ತು. 2019ರಲ್ಲಿ ಪುಣೆಯ ಫ್ರಾಂಚೈಸಿ ಮುಚ್ಚಿ ಅದರ ಜಾಗದಲ್ಲಿ ಬಂದ ಹೈದರಾಬಾದ್ ಎಫ್‌ಸಿ, 2021-22ರ ಋತುವಿನಲ್ಲಿ ಪೆನಾಲ್ಟಿಗಳಲ್ಲಿ ಕೇರಳವನ್ನು ಸೋಲಿಸಿ ಕಪ್ ಎತ್ತಿದಾಗ ಸೋದರಮಾವ ಬಹಳ ದಿನ ಖುಷಿಯಲ್ಲಿದ್ದರು. ರಹೀಮ್ ಸಾಹೇಬರ ಊರು ಮರಳಿ ಬಂತೆಂದು ಫೋನು ಮಾಡಿ ಹೇಳಿದ್ದರು. ಅನಂತರ ಹಣದ ಮುಗ್ಗಟ್ಟು ಶುರುವಾಯಿತು, ಆಟಗಾರರು ಬಿಟ್ಟು ಹೋದರು, 2025ರಲ್ಲಿ ಆ ಫ್ರಾಂಚೈಸಿಯೇ ಎದ್ದು ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂದು ಹೆಸರು ಬದಲಿಸಿಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಖಾಲಿದ್ ಜಮೀಲ್ ಭಾರತ ತಂಡದ ಮುಖ್ಯ ಕೋಚ್ ಆದರು. ಐಜ್ವಾಲ್ ಎಫ್‌ಸಿ ಮಾತ್ರ ಐಜ್ವಾಲಿನಲ್ಲೇ ಇದೆ. ಅದನ್ನು ಇನ್ನೊಂದು ಊರಿಗೆ ಸಾಗಿಸುವುದು ಯಾರ ಕೈಲೂ ಆಗದು, ಏಕೆಂದರೆ ಅದರ ಆಟಗಾರರು ಬರುವುದು ಆ ಗುಡ್ಡದ ಬೀದಿಗಳಿಂದಲೇ.